ನಮ್ಮವರ ರೇಟು

ಹಡಗಿನ ಮೇಲೆ ಮದುವೆಯಾಗುವ ಹುಚ್ಚು ಲತಾಳದಲ್ಲ. ನಲವತ್ತು ದಾಟಿದ, ಬೆಳಿಗ್ಗೆ ಎದ್ದು ತಾಯಿಗೆ ಸ್ನಾನ ಮಾಡಿಸಿ, ಡಬ್ಬಿ ಕಟ್ಟಿಕೊಂಡು, ನಾಸಿಕ್ ರೋಡಿನಿಂದ ಸಿನ್ನರಿನ ಕಾರ್ಖಾನೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬರುವ ಹೆಂಗಸಿಗೆ ಅಂಥ ಹುಚ್ಚು ಹಿಡಿಯಲು ಪುರುಸೊತ್ತಾದರೂ ಎಲ್ಲಿ? ಅದು ಯತಿರಾಜನ ತಲೆಯಲ್ಲಿ ಹುಟ್ಟಿದ್ದು. ಸಂಭಾಜಿನಗರದಲ್ಲಿ ಅಣ್ಣನ ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅರ್ಧ ಆಯುಷ್ಯ ಕಳೆದ ಮನುಷ್ಯ ಅವನು. ಮನೆ ಅಣ್ಣನದು, ಹೋಟೆಲು ಅಣ್ಣನದು, ಮಾತೂ ಮುಕ್ಕಾಲು ಪಾಲು ಅಣ್ಣನದೇ. ಅಂಥವನಿಗೆ ಧೈರ್ಯ ಬರಬೇಕಾದರೆ ನೆಲ ಬಿಟ್ಟು ಸಮುದ್ರಕ್ಕೇ ಹೋಗಬೇಕಿತ್ತು.

ಇಬ್ಬರ ಪರಿಚಯವಾಗಿದ್ದು ಒಂದು ಇಡ್ಲಿ ಸ್ಟೀಮರಿನಿಂದ. ಲತಾಳ ಕಾರ್ಖಾನೆಯಲ್ಲಿ ಹೋಟೆಲಿನ ಅಡಿಗೆ ಪಾತ್ರೆಗಳನ್ನು ಮಾಡುತ್ತಾರೆ. ಅವಳು ಅಲ್ಲಿ ಫೋನು ಎತ್ತಿ, ಬಂದ ದೂರು ಕೇಳಿ, ಯಾರನ್ನು ಕಳಿಸಬೇಕೆಂದು ನೋಡುವವಳು. ನಾಲ್ಕು ವರ್ಷದ ಕೆಳಗೆ ಯತಿರಾಜ ಫೋನು ಮಾಡಿ, ಸ್ಟೀಮರು ಸೋರುತ್ತಿದೆ ಎಂದು ಹಿಂದಿಯಲ್ಲಿ ಕೂಗಾಡಿ, ಕೊನೆಗೆ ಸೋತು "ಎಂತ ಸಾವು ಮಾರಾಯ್ರೆ ಇದು" ಎಂದು ತನ್ನಷ್ಟಕ್ಕೆ ಗೊಣಗಿದ್ದ. ಲತಾ ನಕ್ಕುಬಿಟ್ಟಿದ್ದಳು. "ಕನ್ನಡದವರೇನ್ರಿ? ಮೊದಲೇ ಹೇಳಬಾರದೇನ್ರಿ, ಇಷ್ಟೊತ್ತನ ಹಿಂದಿಯೊಳಗ ಬೈಸಿಕೊಂಡೆ" ಅಂದಿದ್ದಳು. ಸ್ಟೀಮರು ರಿಪೇರಿಯಾಯಿತು. ಫೋನು ಮಾತ್ರ ನಿಲ್ಲಲಿಲ್ಲ.

ಅವನಿಗೆ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ದೀಕ್ಷಿತಾ ಅಂತ ಒಬ್ಬಳು ಮಗಳು, ಪುಣೆಯಲ್ಲಿ ಓದಿ ಕೆಲಸಕ್ಕೆ ಸೇರಿದ್ದಳು. ಲತಾಳಿಗೋ ಮದುವೆಯೇ ಆಗಿರಲಿಲ್ಲ. ಬೀದರ್ ಕಡೆಯ ಗಂಡಿನವರು ಬಂದರೆ, ನಾಸಿಕಿನಲ್ಲಿ ಬೆಳೆದ ಹುಡುಗಿ ನಮ್ಮ ಹಳ್ಳಿಯಲ್ಲಿ ಬಾಳುತ್ತಾಳೆಯೇ ಅನ್ನುತ್ತಿದ್ದರು. ಇಲ್ಲಿಯವರು ಬಂದರೆ, ಕಾನಡಿ ಮಂದಿ, ಬೇಡ ಬಿಡಿ ಅನ್ನುತ್ತಿದ್ದರು. ಅಪ್ಪ ರೇವಣಪ್ಪ ಅಲ್ಲಿಗೂ ಇಲ್ಲಿಗೂ ಓಡಾಡಿ ಓಡಾಡಿ ಒಂದು ದಿನ ಓಡಾಟವನ್ನೇ ಮುಗಿಸಿ ಹೋದ. ಆಮೇಲೆ ಅವ್ವ ಕಾಶಿಬಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮದುವೆಯ ಮಾತು ಮನೆಯಿಂದ ತಾನಾಗಿಯೇ ಎದ್ದು ಹೋಯಿತು.

"ದೀಕ್ಷಿತಾಳದ್ದೊಂದು ಆಗಲಿ" ಎಂದು ಯತಿರಾಜ ಹೇಳುತ್ತಲೇ ಬಂದ. ಜಾತಿ ಬೇರೆ, ಕಡೆಯೂ ಬೇರೆ, ಅವನದು ಕರಾವಳಿ, ಇವಳದು ಬೀದರ್. ಅಪ್ಪ ಈ ವಯಸ್ಸಿನಲ್ಲಿ ಮದುವೆಯಾದ ಅಂತ ಗೊತ್ತಾದರೆ ಮಗಳನ್ನು ಯಾರು ತರುತ್ತಾರೆ ಅನ್ನುವುದು ಅವನ ಹೆದರಿಕೆ. ಅಲ್ಲಿಯವರೆಗೆ ಲತಾಳ ಗತಿ? ಅದಕ್ಕೆ ಅವನು ಕಂಡುಕೊಂಡ ಉಪಾಯವೇ ಹಡಗು.

"ದೇವಸ್ಥಾನದಲ್ಲಿ ಯಾರಾದ್ರೂ ಸಿಕ್ಕಿಯೇ ಸಿಗ್ತಾರೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟೀಸು ಹಚ್ತಾರೆ. ಸಮುದ್ರದ ನಡುವೆ ಯಾರುಂಟು? ಮುಂಬಯಿಯಿಂದ ಹಡಗು ಹೋಗ್ತದಂತೆ, ಎರಡು ರಾತ್ರಿ. ಇಬ್ಬರೇ ನಿಂತು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಳ್ಳುವ. ಕಾಗದದ್ದೆಲ್ಲ ಮತ್ತೆ ನೋಡುವ."

ಲತಾಳಿಗೆ ನಗು ಬಂತು, ಅಳುವೂ ಬಂತು. ಸಮುದ್ರವನ್ನು ಅವಳು ಒಮ್ಮೆ ಮಾತ್ರ ಕಂಡಿದ್ದಳು, ಅದೂ ಶಾಲೆಯ ಟ್ರಿಪ್ಪಿನಲ್ಲಿ. ಆದರೂ ಹೂಂ ಅಂದಳು. ನಾಲ್ಕು ವರ್ಷ "ಆಗಲಿ, ನೋಡುವ" ಕೇಳಿದ ಕಿವಿಗೆ ಇದು ಏನೋ ಒಂದು ಗಟ್ಟಿ ಮಾತಿನ ಹಾಗೆ ಕೇಳಿಸಿತು.

ಸ್ಟೇಷನ್ನಿನ ಬಳಿ ಸ್ವರೂಪ್ ಎನ್ನುವ ಹುಡುಗನ ಚಿಕ್ಕ ಟ್ರಾವೆಲ್ಸ್ ಅಂಗಡಿಯಿತ್ತು. ಭಾಲ್ಕಿ ಕಡೆಯವರ ಮಗ. ಕನ್ನಡ ಹೇಳಿದರೆ ಪೂರಾ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಮರಾಠಿಯೇ ಮೊದಲು ಬರುತ್ತಿತ್ತು. ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಹಡಗಿನಲ್ಲಿ ಒಂದು ಮೂಲೆ ಕೊಡುತ್ತಾರೆ, ಎರಡು ಹಾರ ಕೊಡುತ್ತಾರೆ, ಒಬ್ಬ ಹೋಸ್ಟ್ ನಿಂತು ನಡೆಸಿಕೊಡುತ್ತಾನೆ, ಒಂದು ಪುಟ್ಟ ಕೇಕು. ಲತಾ ಕೇಕು ಬೇಡ ಅಂದಳು, ಫೋಟೋದವನು ಬೇಡ ಅಂದಳು, ಕಿಟಕಿಯಿಲ್ಲದ ಕೋಣೆಯೇ ಸಾಕು ಅಂದಳು. ಸಮುದ್ರಕ್ಕೆ ಹೋಗಿ ಸಮುದ್ರ ಕಾಣದ ಕೋಣೆಯಲ್ಲಿ ಮಲಗುವ ಯೋಗ ಎಷ್ಟು ಜನಕ್ಕಿರುತ್ತದೆ!

"ಮ್ಯಾಡಮ್, ಮತ್ತ ದೋಘಾಂಚೆ, ಇಬ್ಬರದೂ, ವಚನ ಬೇಕು. ಬರದು ಕಳಿಸ್ರಿ" ಅಂದ ಸ್ವರೂಪ್.

"ವಚನ ನಾ ಯಾಕ ಬರೀಲಿ? ಶರಣರು ಬರದಿಟ್ಟಾರಲ್ಲೋ" ಅಂದಳು ಲತಾ. ಸಣ್ಣಂದಿನಿಂದ ವಚನ ಅಂದರೆ ಅವಳಿಗೆ ಅಪ್ಪ ಸಂಜೆ ಹೊತ್ತು ಕಣ್ಣು ಮುಚ್ಚಿ ಹೇಳುತ್ತಿದ್ದದ್ದು.

ಸ್ವರೂಪ್ ಹಣೆ ಬಡಿದುಕೊಂಡು ನಕ್ಕ. "ತೆ ನಾಹಿ ಮ್ಯಾಡಮ್. ಪ್ರಾಮಿಸ್! ನಿಮ್ಮ ಮಾತು. ಅವರ ಮುಂದ ನೀವು ಏನು ಹೇಳ್ತೀರಿ, ಅದು."

ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ, ಅವ್ವನ ಬೆನ್ನು ತಿಕ್ಕುವಾಗ ಅವಳು ಅದನ್ನೇ ಯೋಚಿಸಿದಳು. ಅವರ ಮುಂದೆ ನಾನು ಏನು ಹೇಳಬೇಕು? ಒಂದು ದಿನ ತಟ್ಟನೆ ಹೊಳೆಯಿತು. ಹೇಳಬೇಕಾದದ್ದು ಅವರ ಹೆಸರು, ಮತ್ತೇನು!

ಅವಳ ಕಡೆ ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲಿಗೆ ಅಡ್ಡ ನಿಂತು "ಹೆಸರ ಹೇಳು, ಒಳಗ ಬಿಡ್ತೀವಿ" ಎಂದು ಕಾಡಿದಾಗ, ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಮರಾಠಿಯವರಲ್ಲೂ ಇದೇ ಪದ್ಧತಿ, ಅವರು ಉಖಾಣಾ ಅನ್ನುತ್ತಾರೆ. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಕಾಲೋನಿಯ ಹೆಂಗಸರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಗಂಡನ ಹೆಸರು ಹೇಳುತ್ತ ಬರುತ್ತಾರೆ. ಸರದಿ ಲತಾಳ ಹತ್ತಿರ ಬಂದಾಗ ಯಾರಾದರೂ ಒಬ್ಬರು ಮೆಲ್ಲಗೆ, "ಲತಾತಾಯಿ ರಾಹೂ ದೇ" ಅನ್ನುತ್ತಾರೆ, ಲತಾಕ್ಕನನ್ನು ಬಿಡಿ ಅಂತ. ಕರುಣೆಯಿಂದಲೇ ಅನ್ನುತ್ತಾರೆ. ಆ ಕರುಣೆಗೆ ಬೆಂಕಿ ಬೀಳಲಿ! ಪ್ರತಿ ವರ್ಷ ಅವಳು ಎಳ್ಳುಂಡೆಯ ತಟ್ಟೆ ಹಿಡಿದುಕೊಂಡು ಒಳಗೆ ಎದ್ದು ಹೋಗಿ, ಅಡಿಗೆಮನೆಯಲ್ಲಿ ಸುಮ್ಮನೆ ನಿಂತು ಬರುತ್ತಿದ್ದಳು.

ಅವಳಿಗೆ ಬೇಕಾದದ್ದು ಹಾರವಲ್ಲ, ತಾಳಿಯೂ ಅಲ್ಲ. ಒಮ್ಮೆ, ಒಬ್ಬರಾದರೂ ಕೇಳುವ ಹಾಗೆ, ಯತಿರಾಜನ ಹೆಸರನ್ನು ಒಡಪಿನಲ್ಲಿ ಹೇಳಬೇಕು. ಹೇಳಿದಾಗ ಅವನು ಪಕ್ಕದಲ್ಲಿ ನಿಂತು ಹೌದು ಅನ್ನಬೇಕು.

ಆ ದಿನ ಅವ್ವನಿಗೆ ವಿಷಯ ಹೇಳಿದಳು. ಕಾಶಿಬಾಯಿ ಮಗಳ ಕಡೆ ಮುಖ ತಿರುಗಿಸಿದಳು. ಜಾತಿ ಕೇಳುತ್ತಾಳೇನೋ ಅಂತ ಲತಾ ಕಾದಳು.

"ಹೆಸರೇನಂದಿ?"

"ಯತಿರಾಜ."

"ಬಾಳ ಕಷ್ಟದ ಹೆಸರದ ಬಿಡವಾ. ನಮ್ಮವರದು ರೇವಣಪ್ಪ, ತುಪ್ಪ ಅಂದ್ರೂ ಕೂಡ್ತಿತ್ತು, ಅಪ್ಪ ಅಂದ್ರೂ ಕೂಡ್ತಿತ್ತು." ಗಂಡನ ಹೆಸರು ಬಾಯಿಗೆ ಬಂದದ್ದಕ್ಕೆ ಮುದುಕಿಗೆ ಈಗಲೂ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ತಾಯಿ ಮಗಳು ಸೇರಿ ಪ್ರಾಸ ಹುಡುಕಿದರು. ಸಾಜ, ತಾಜಾ, ದರವಾಜಾ ಎಲ್ಲ ಆಯಿತು. ನಗುನಗುತ್ತ ಅವ್ವನಿಗೆ ಕೆಮ್ಮು ಬಂತು. ಹೆಸರು ಕೊನೆಗೇ ಯಾಕೆ ಬರಬೇಕು ಅಂತ ಲತಾಳಿಗೆ ತೋಚಿದ ಮೇಲೆ ಒಡಪು ತಾನಾಗಿ ಕೂತಿತು:

"ಇಡ್ಲಿ ಪಾತ್ರ್ಯಾಗ ಇಡ್ಲಿ ಹದಿನಾರು,
ಯತಿರಾಜ ನಮ್ಮವರಂದ್ರ ತಡಿಯೋರು ಯಾರು?"

"ನಮ್ಮವರು ಅಂತ ಹಾಕಿದ್ದು ಚಲೋ ಆಯ್ತು" ಅಂದಳು ಅವ್ವ. ಅವರ ಕಡೆ ಹೆಂಗಸರ ಬಾಯಲ್ಲಿ ನಮ್ಮವರು ಅಂದರೆ ಗಂಡ, ಬೇರೆ ಯಾರೂ ಅಲ್ಲ.

ಫೋನಿನಲ್ಲಿ ಇದನ್ನು ಯತಿರಾಜನಿಗೆ ಹೇಳಿದಾಗ ಅವನು ಖುಷಿಯಿಂದ ನಕ್ಕ. ಒಡಪು ಅಂದರೆ ಏನು, ಯಾರು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಲ್ಲವನ್ನೂ ಅವಳು ವಿವರಿಸಿದ್ದಳು. ಇದನ್ನು ಇಲ್ಲಿಯೇ ಹೇಳಿಟ್ಟಿರುತ್ತೇನೆ. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ ಅವನು.

"ಯಾರಾರ ಒಬ್ಬರು ಕೇಳ್ಬೇಕ್ರಿ ಅದನ್ನ. ಆ ಹೋಸ್ಟ್ ಕೇಳಿದ್ರೂ ಸಾಕು."

"ಕೇಳ್ತಾನೆ ಕೇಳ್ತಾನೆ. ಅವನಿಗೆ ಕನ್ನಡ ಬರುದಿಲ್ಲ ಅಲ್ವಾ, ತೊಂದರೆ ಇಲ್ಲ" ಅಂದ ಯತಿರಾಜ. ಲತಾ ಆ ಮಾತನ್ನು ತಮಾಷೆ ಅಂದುಕೊಂಡಳು.

ಎಡವಟ್ಟಾದದ್ದು ಸ್ವರೂಪ್ ಹೇಳಿದ ಖರ್ಚಿನಿಂದ. ಎಷ್ಟು ಕಡಿಮೆ ಮಾಡಿಸಿದರೂ ಯತಿರಾಜನಿಗೆ ಅದು ಹೆಚ್ಚೇ ಕಂಡಿತು. ಕರಾವಳಿಯ ಹೋಟೆಲಿನವರಿಗೆ ಒಂದು ಚಾಳಿಯುಂಟು. ಅಕ್ಕಿಯಿರಲಿ, ಫ್ರಿಜ್ಜಿರಲಿ, ಆಪರೇಷನ್ನಿರಲಿ, ಹೊರಗಿನವನು ಒಂದು ರೇಟು ಹೇಳಿದರೆ, "ತಡೀರಿ, ನಮ್ಮವರು ಒಬ್ಬರಿದ್ದಾರೆ, ಕೇಳಿ ನೋಡುವ" ಅನ್ನದೆ ಜೇಬಿಗೆ ಕೈ ಹಾಕುವುದಿಲ್ಲ. ಗುಟ್ಟಾಗಿ ಮದುವೆಯಾಗಲು ಹೊರಟವನು ಕೂಡ ಆ ಚಾಳಿ ಬಿಡಲಿಲ್ಲ ಅಂದರೆ ಏನು ಹೇಳೋಣ! ಪುಣೆಯಲ್ಲಿ ಊರ ಕಡೆಯ ಟ್ರಾವೆಲ್ಸ್‌ನವನೊಬ್ಬನಿಗೆ ಫೋನು ಮಾಡಿದ.

"ಕೆಲಸ ಆಯ್ತು" ಅಂತ ಮರುದಿನ ಲತಾಳಿಗೆ ಹೇಳಿದ. "ಅರ್ಧಕ್ಕರ್ಧ ಕಡಿಮೆ. ನಮ್ಮವರ ರೇಟು!"

ನಮ್ಮವರು ಅನ್ನುವ ಅದೇ ಮಾತು ಅವನ ಬಾಯಲ್ಲೂ ಬಂದದ್ದು ಕೇಳಿ ಲತಾಳಿಗೆ ಮೈ ಜುಮ್ಮೆಂದಿತು.

ಅದಾದ ಮೇಲೆ ಕೆಲವು ದಿನ ಫೋನು ಸರಿಯಾಗಿ ಬರಲಿಲ್ಲ. ಬಂದರೂ "ಗಿರಾಕಿ ಇದ್ದಾರೆ, ಮತ್ತೆ ಮಾಡ್ತೇನೆ" ಅನ್ನುವಷ್ಟೇ. ಒಂದು ಶುಕ್ರವಾರ ಅವನೇ ಮಾಡಿದ.

"ಅತ್ತಿಗೆ ನಿಮ್ಮನ್ನು ನೋಡ್ಬೇಕಂತೆ. ಭಾನುವಾರ ಹೋಟೆಲಿಗೆ ಬರ್ಲಿಕ್ಕೆ ಆಗ್ತದಾ?"

"ಮನ್ಯಾಗ ಹೇಳಿದ್ರೇನ್ರಿ ನೀವು?"

"ಹೇಳಿದೆ... ಅಂದ್ರೆ, ಬನ್ನಿ ನೀವು. ಎದುರು ಮಾತಾಡುವ."

ಹೆಣ್ಣನ್ನು ನೋಡಬೇಕು ಅಂದರೆ ಏನರ್ಥ ಅಂತ ಯಾರಿಗೆ ತಿಳಿಯುವುದಿಲ್ಲ? ಭಾನುವಾರ ಲತಾ ಅವ್ವನ ಇಳಕಲ್ ಸೀರೆ ಉಟ್ಟಳು. ಪಕ್ಕದ ಮನೆಯವಳನ್ನು ಅವ್ವನ ಹತ್ತಿರ ಕೂರಿಸಿದಳು. "ಅವರ ಮನ್ಯಾಗ ಹೆಸರ ಕೇಳಿದ್ರ ಅಂಜಬ್ಯಾಡ. ಜೋರಾಗಿ ಹೇಳು" ಅಂದಳು ಕಾಶಿಬಾಯಿ, ಹಾಸಿಗೆಯಿಂದಲೇ. ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನಮಾಡ್ ದಾಟುವವರೆಗೂ ಅವಳು ಒಡಪನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಆಮೇಲೆ, ಇಷ್ಟು ಖುಷಿ ಒಳ್ಳೆಯದಲ್ಲ ಅನ್ನಿಸಿ, ಹೊರಗೆ ನೋಡುತ್ತ ಕೂತಳು.

ಹೋಟೆಲು ತುಂಬಿತ್ತು. ಗಲ್ಲಾದ ಹಿಂದೆ ಕೂತಿದ್ದ ಯತಿರಾಜ ಅವಳನ್ನು ಕಂಡು ಎದ್ದ, ಮತ್ತೆ ಕೂತ. ಅತ್ತಿಗೆ ಸುಗುಣಾ ಮಾತ್ರ ನಗುತ್ತ ಬಂದು ಕೈ ಹಿಡಿದು ಫ್ಯಾಮಿಲಿ ಟೇಬಲಿಗೆ ಕರೆದುಕೊಂಡು ಹೋದಳು. ಒಳ್ಳೆಯ ಹೆಂಗಸು ಅಂತ ನೋಡಿದ ಕೂಡಲೇ ಅನ್ನಿಸುವ ಮುಖ. ಅದು ಸುಳ್ಳೂ ಅಲ್ಲ.

"ಬನ್ನಿ ಬನ್ನಿ, ಸೆಖೆಯಲ್ಲಿ ಬಂದ್ರಿ. ಯತಿರಾಜ ಹೇಳ್ತಿದ್ದ, ನೀವು ತುಂಬಾ ತಾಳ್ಮೆಯವರು ಅಂತ. ಮನೆಯಲ್ಲಿ ಅಮ್ಮನನ್ನು ನೀವೇ ನೋಡಿಕೊಳ್ಳುದಂತೆ?"

"ಹೌದ್ರಿ ಅಕ್ಕಾರ."

"ಎತ್ತಿ ಕೂರಿಸ್ಲಿಕ್ಕೆ ಎಲ್ಲ ಆಗ್ತದಾ? ನಮ್ಮ ಅತ್ತೆ ಸ್ವಲ್ಪ ದಪ್ಪ."

ಮನೆಗೆ ಬರುವ ಸೊಸೆಯ ಕೈಬಲ ನೋಡುತ್ತಿದ್ದಾರೆ ಅಂದುಕೊಂಡಳು ಲತಾ. "ಹೂನ್ರಿ, ಅದರದೇನು ಚಿಂತಿ ಮಾಡಬ್ಯಾಡ್ರಿ. ನಮ್ಮವ್ವಗ ದಿನಾ ಎತ್ತೇ ಎತ್ತತೀನಿ."

"ಸಮುದ್ರದಲ್ಲಿ ವಾಂತಿ ಗೀಂತಿ ಬರುದಿಲ್ಲ ಅಲ್ವಾ? ನಿಮಗೇ ಬಂದ್ರೆ ಮತ್ತೆ ಅತ್ತೆಯನ್ನು ಯಾರು ನೋಡುದು?" ಸುಗುಣಾ ನಕ್ಕಳು. "ಟಿಕೆಟ್ ಎಲ್ಲ ನಮ್ಮದೇ. ಊಟವೂ ಆಯ್ತು. ನಿಮ್ಮ ಸಂಬಳ ಮಾತ್ರ ಮೂರು ದಿನಕ್ಕೆ ಎಷ್ಟು ಅಂತ ಈಗಲೇ ಹೇಳಿಬಿಡಿ ಆಯ್ತಾ. ಮತ್ತೆ ಬೇಜಾರು ಬೇಡ."

ಲತಾ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು. ಒಳಗಿನಿಂದ ಯಾರೋ ಕರೆದರು, ಸುಗುಣಾ "ಬಂದೆ" ಎಂದು ಎದ್ದು ಹೋದಳು. ಆಗ ಯತಿರಾಜ ತಾನೇ ಒಂದು ಕಾಫಿ ಹಿಡಿದುಕೊಂಡು ಬಂದ. ಟೇಬಲು ಒರೆಸುವವನ ಹಾಗೆ ಬಗ್ಗಿ, ಗಡಿಬಿಡಿಯಲ್ಲಿ ಎಲ್ಲ ಹೇಳಿದ. ಪುಣೆಯವನು ಕಡಿಮೆ ರೇಟು ಕೊಟ್ಟದ್ದು ಅವರಿಬ್ಬರನ್ನು ಹೋಟೆಲಿನವರ ಸಂಘದ ವಾರ್ಷಿಕ ಪ್ರವಾಸದೊಳಗೆ ಸೇರಿಸಿ. ಅದೇ ಹಡಗು, ಅದೇ ದಿನ. ಸೇರಿಸಿದವನು ಸುಮ್ಮನಿರದೆ ಅಣ್ಣ ಕೃಷ್ಣರಾಜನಿಗೆ ಫೋನು ಮಾಡಿ, ನಿಮ್ಮ ತಮ್ಮ ಎರಡು ಟಿಕೆಟು ಹೇಳಿದ್ದಾನೆ, ನೀವೆಲ್ಲ ಯಾಕೆ ಬರಬಾರದು ಅಂದ. ಅಣ್ಣನಿಗೂ ಹುರುಪು ಬಂದು, ಮುದಿ ತಾಯಿಯನ್ನೂ ಸೇರಿಸಿ ಮನೆಮಂದಿಯೆಲ್ಲ ಹೊರಟರು. ಎರಡನೆಯ ಟಿಕೆಟು ಯಾರಿಗೋ ಅಂತ ಅಣ್ಣ ಕೇಳಿದ.

"ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ ಲತಾ. ಅಮ್ಮನನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಅಂತ. ಸ್ವಲ್ಪ ಅಡ್ಜಸ್ಟ್ ಮಾಡಿ. ಯೋಚನೆ ಮಾಡಿದ್ರೆ ಒಳ್ಳೆಯದೇ ಆಯ್ತು, ಖರ್ಚೇ ಇಲ್ಲ. ಅಮ್ಮ ಮಲಗಿದ ಮೇಲೆ ನಾವಿಬ್ಬರೇ ಮೇಲೆ ಹೋಗುವ. ನೀವು ಮೆಲ್ಲ ಹೇಳಿ ನಿಮ್ಮ ಒಡಪು. ನನಗೆ ಕೇಳಿದ್ರೆ ಸಾಕಲ್ವಾ?"

ಅವನ ಮುಖದಲ್ಲಿ ಮೋಸವಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಮೋಸಗಾರನಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಇವನು ನಿಜವಾಗಿಯೂ ಇದನ್ನು ಉಪಾಯ ಅಂದುಕೊಂಡಿದ್ದ, ಅವಳೂ ಮೆಚ್ಚಿಕೊಳ್ಳುತ್ತಾಳೆ ಅಂದುಕೊಂಡು ಬಗ್ಗಿ ನಿಂತಿದ್ದ. ನಾಲ್ಕು ವರ್ಷ ಅವಳು ಖಾಸಗಿ ಅಂದುಕೊಂಡದ್ದೆಲ್ಲ ಇವನಿಗೆ ಬರೀ ಗುಟ್ಟು. ದೀಕ್ಷಿತಾಳ ಮದುವೆಯಾದರೂ ಅದು ಗುಟ್ಟೇ, ಮೊಮ್ಮಕ್ಕಳಾದರೂ ಗುಟ್ಟೇ.

ಸುಗುಣಾ ಮರಳಿ ಬರುತ್ತಿದ್ದಂತೆ ಅವನು ಗಲ್ಲಾಕ್ಕೆ ಓಡಿದ.

"ಇನ್ನೊಂದು ಕೇಳ್ಲಿಕ್ಕೆ ಮರ್ತೆ" ಅಂದಳು ಸುಗುಣಾ ಕೂರುತ್ತ. "ನಿಮಗೆ ಹಾಡು ಗೀಡು ಬರ್ತದಾ? ಅತ್ತೆಗೆ ಏನಾದ್ರೂ ಹಾಡು ಹೇಳಿದ್ರೆ ಬೇಗ ನಿದ್ದೆ ಬರ್ತದೆ."

"ಹಾಡು ಬರಂಗಿಲ್ರಿ" ಅಂದಳು ಲತಾ. "ಒಡಪು ಬರ್ತದ."

"ಅದೆಂತದು? ಹೇಳಿ ನೋಡುವ."

ಲತಾ ಎದ್ದು ನಿಂತಳು. ಅವ್ವ ಅಂದಿದ್ದಳಲ್ಲ, ಅಂಜಬೇಡ, ಜೋರಾಗಿ ಹೇಳು ಅಂತ. ಸೆರಗನ್ನು ತಲೆಯ ಮೇಲೆ ಹೊದ್ದು, ಗಲ್ಲಾದ ಕಡೆ ತಿರುಗಿ, ಹೋಟೆಲಿನ ಗದ್ದಲವನ್ನೆಲ್ಲ ಮೀರಿ ಹೇಳಿದಳು:

"ಇಡ್ಲಿ ಪಾತ್ರ್ಯಾಗ ಇಡ್ಲಿ ಹದಿನಾರು,
ಯತಿರಾಜ ನಮ್ಮವರಂದ್ರ ತಡಿಯೋರು ಯಾರು?"

ಪಕ್ಕದ ಟೇಬಲಿನಲ್ಲಿ ಮಕ್ಕಳಿಗೆ ದೋಸೆ ಮುರಿದು ಕೊಡುತ್ತಿದ್ದ ಮರಾಠಿ ಹೆಂಗಸು ತಲೆಯೆತ್ತಿದಳು. ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. "ಅಗ ಬಾಯಿ, ಉಖಾಣಾ!" ಎಂದು ನಗುತ್ತ ಚಪ್ಪಾಳೆ ತಟ್ಟಿದಳು.

ಸುಗುಣಾಳ ನಗು ನಿಂತಿತು. ಮದುವೆಯಾಗಿ ಬಂದಂದಿನಿಂದ ಸಂಭಾಜಿನಗರದಲ್ಲೇ ಇದ್ದವಳು. ಎಷ್ಟು ಅರಿಸಿನ ಕುಂಕುಮಕ್ಕೆ ಹೋಗಿಲ್ಲ, ಎಷ್ಟು ಉಖಾಣಾ ಕೇಳಿಲ್ಲ! ಯಾವ ಹೆಂಗಸು ಯಾವ ಗಂಡಸಿನ ಹೆಸರನ್ನು ಹೀಗೆ ಹೇಳುತ್ತಾಳೆ ಅನ್ನುವುದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಲತಾಳ ಇಳಕಲ್ ಸೀರೆ ನೋಡಿದಳು, ತಲೆಯ ಮೇಲಿನ ಸೆರಗು ನೋಡಿದಳು, ಮತ್ತೆ ನಿಧಾನವಾಗಿ ತಿರುಗಿ ಗಲ್ಲಾ ನೋಡಿದಳು. ಲತಾಳೂ ನೋಡುತ್ತಿದ್ದಳು.

ಯತಿರಾಜ ತಲೆ ಬಗ್ಗಿಸಿ ಚಿಲ್ಲರೆ ಹುಡುಕುತ್ತಿದ್ದ. ಎದುರಿಗೆ ಗಿರಾಕಿ ಯಾರೂ ಇರಲಿಲ್ಲ.

ಅವನು ತಲೆಯೆತ್ತಿದರೆ ಸಾಕಿತ್ತು. ಹೌದು ಅನ್ನುವುದೂ ಬೇಡ. ಲತಾ ನಿಂತೇ ಇದ್ದಳು, ಕಾಫಿ ಆರಿ ಕೆನೆ ಕಟ್ಟಿತು.

ಸುಗುಣಾ ಅವಳ ಕೈಯನ್ನು ಮೆಲ್ಲಗೆ ತಟ್ಟಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೂತ್ಕೊಳ್ಳಿ ಮಾರಾಯ್ತಿ. ನಮ್ಮವರಲ್ಲಿ ಈ ಕ್ರಮ ಇಲ್ಲ."

ಆಗ ಯತಿರಾಜ ಬಾಯಿ ಬಿಟ್ಟ. ತಲೆಯೆತ್ತದೆ, ಸಪ್ಲಾಯರ್‌ನ ಕಡೆ ಕೈ ಮಾಡಿ ಹೇಳಿದ: "ಆ ಟೇಬಲಿನ ಬಿಲ್ಲು ತಗೊಳ್ಬೇಡ."

ಲತಾ ಕಾಫಿಯ ದುಡ್ಡನ್ನು ಬಟ್ಟಲಿನ ಕೆಳಗೆ ಇಟ್ಟು ಹೊರಗೆ ಬಂದಳು. ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಕಾಯುತ್ತ ಕೂತಾಗ ಸ್ವರೂಪ್ ಫೋನು ಮಾಡಿ, ಮ್ಯಾಡಮ್ ಟಿಕೆಟಿಂದು ಏನಾಯ್ತು, ನನ್ನ ಕಡೆಯಿಂದ ಇನ್ನಷ್ಟು ಕಡಿಮೆ ಮಾಡಿಸ್ತೀನಿ ಅಂದ. ಬೇಡಪ್ಪಾ ಅಂದಳು. ಯತಿರಾಜನ ಫೋನು ಬರಲಿಲ್ಲ. ಬಂದರೆ ಎತ್ತಬಾರದು ಅಂದುಕೊಂಡು ದಾರಿಯುದ್ದಕ್ಕೂ ಅದನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಶಿಬಾಯಿ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಮಗಳ ಮುಖ ಸರಿಯಾಗಿ ಕಾಣುವಷ್ಟು ಕಣ್ಣು ಅವಳಿಗೆ ಈಗ ಉಳಿದಿರಲಿಲ್ಲ.

"ಹೆಸರ ಹೇಳ್ದೇನವಾ?"

"ಹೇಳ್ದೆ."

"ಜೋರಾಗಿ ಹೇಳ್ದಿ? ಎಲ್ಲಾರೂ ಕೇಳಿದ್ರೇನ?"

ಲತಾ ಇಳಕಲ್ ಸೀರೆಯನ್ನು ಬಿಚ್ಚಿ, ಮೊದಲಿನ ಮಡಿಕೆಯ ಗುರುತು ಹಿಡಿದೇ ಮಡಚತೊಡಗಿದಳು.

"ಕೇಳಿದ್ರವ್ವ" ಅಂದಳು. "ಎಲ್ಲಾರೂ ಕೇಳಿದ್ರು."